ಕಾಲುವೆ ಕೊನೆಯ ಹೊಲ ಮತ್ತು ಐಐಟಿಯ ಎಂ.ಎ.

(ರಾಯಚೂರಿನಲ್ಲಿ ಪಿಯುಸಿ ಮಕ್ಕಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಸದ್ದಿಗೆ ನನ್ನ ಮಾತು ಹಿಂದಿನ ಬೆಂಚಿಗೆ ಕೇಳಿಸದಿದ್ದರೆ ಕೈ ಎತ್ತಿ. ಫ್ಯಾನ್ ಆರಿಸಿ ಅಂತ ಮಾತ್ರ ಹೇಳಬೇಡಿ. ಇದು ರಾಯಚೂರು, ಅದರಲ್ಲೂ ಮೇ ತಿಂಗಳು.

ನನ್ನನ್ನು ಪರಿಚಯಿಸಿದವರು "ಐಐಟಿಯಲ್ಲಿ ಓದಿದವರು" ಎಂದರು. ಆಗ ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರನ್ನು "ಯಾವ ಬ್ರಾಂಚ್?" ಅಂತ ಕೇಳಿದ್ದು ನನಗೂ ಕೇಳಿಸಿತು. ಸಿವಿಲ್ಲೂ ಅಲ್ಲ, ಕಂಪ್ಯೂಟರ್ರೂ ಅಲ್ಲ ಸರ್. ನಾನು ಓದಿದ್ದು ಎಂ.ಎ. ಅಭಿವೃದ್ಧಿ ಅಧ್ಯಯನ. ಐಐಟಿ ಮದ್ರಾಸಿನಲ್ಲೇ, ಪಿಯುಸಿ ಮುಗಿಸಿ ನೇರವಾಗಿ, ಐದು ವರ್ಷ.

ಇದು ನಂಬುವ ಮಾತಲ್ಲ ಅಂತ ಅನ್ನಿಸಿದರೆ ನಿಮ್ಮ ತಪ್ಪಿಲ್ಲ. 2010ರಲ್ಲಿ ಅಪ್ಪ ಶೈಕ್ಷಣಿಕ ಸಾಲ ಕೇಳಲು ಹೋದ ಬ್ಯಾಂಕಿನವರೂ ನಂಬಲಿಲ್ಲ. ಯಾವ ಬ್ಯಾಂಕು ಅಂತ ಹೇಳುವುದಿಲ್ಲ, ಕೊನೆಗೆ ಸಾಲ ಕೊಟ್ಟವರೂ ಅವರೇ. ಮ್ಯಾನೇಜರು ಪ್ರವೇಶ ಪತ್ರವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಐಐಟಿ ಅಂದ್ರ ಇಂಜಿನಿಯರಿಂಗ್. ಎಂ.ಎ. ಅಂದ್ರ ಡಿಗ್ರಿ ಆದ ಮ್ಯಾಲೆ. ನಿಮ್ಮ ಮಗಳು ಈಗರ ಪಿಯುಸಿ ಮುಗಿಸ್ಯಾಳ. ಯಾರೋ ನಿಮಗ ಮೋಸ ಮಾಡ್ಯಾರ ನೋಡ್ರಿ" ಅಂದರು. ಅಪ್ಪ ಮೂರು ಸಲ ಮಾನ್ವಿಯಿಂದ ಬಸ್ಸು ಹತ್ತಿ ಬಂದ. ಮೂರನೇ ಸಲ ಸಂಸ್ಥೆಯ ಕಚೇರಿಗೆ ಫೋನ್ ಮಾಡಿಸಿ, ಅವರ ಬಾಯಿಂದಲೇ ಹೇಳಿಸಿದ ಮೇಲೆ ಫೈಲು ಮುಂದೆ ಹೋಯಿತು.

ಮನೆಯಲ್ಲೂ ಅದೇ ಕಥೆ. ನಮ್ಮ ಕಾಕಾ ಕೇಳಿದ್ದು ಇನ್ನೂ ನೆನಪಿದೆ: "ಅಷ್ಟು ದೂರ ಹೋಗಿ ಎಂ.ಎ. ಮಾಡೋದಾದ್ರ, ಇಲ್ಲೇನು ಕಡಿಮಿ ಐತವ್ವ?" ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಕೇಳಬೇಕಾದ ಪ್ರಶ್ನೆಯನ್ನೇ ಕಾಕಾ ಕೇಳಿದ್ದರು. ಯಂತ್ರ, ಸರ್ಕ್ಯೂಟು, ಕೋಡು ಕಲಿಸುವ ಜಾಗಕ್ಕೆ ಹೋಗಿ ಅರ್ಥಶಾಸ್ತ್ರ, ಭಾಷೆ, ಇತಿಹಾಸ, ಸಮಾಜ ಓದುವುದರಲ್ಲಿ ಏನಾದರೂ ಅರ್ಥ ಇದೆಯಾ? ಇಲ್ಲಾ ಅದು ಬೋರ್ಡಿನ ಮೇಲಿನ ಹೆಸರಿನ ಆಸೆಯಾ?

ಮೊದಲು ನಮ್ಮ ಹೊಲದಿಂದ ಶುರು ಮಾಡುತ್ತೇನೆ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಕಾಲುವೆ ಸುಮಾರು 226 ಕಿಲೋಮೀಟರ್ ಉದ್ದ. ಕೊಪ್ಪಳದ ಮುನಿರಾಬಾದಿನಲ್ಲಿ ಅಣೆಕಟ್ಟಿನಿಂದ ಹೊರಟ ನೀರು ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬರಬೇಕು. "ಬರಬೇಕು" ಅಂತ ಯಾಕಂದೆ ಅಂತ ಇಲ್ಲಿರುವ ಅರ್ಧ ಜನರಿಗೆ ಬಿಡಿಸಿ ಹೇಳಬೇಕಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಸೈಕಲ್ಲಿನಲ್ಲಿ ಕಾಲುವೆ ನೋಡಲು ಹೋಗುತ್ತಿದ್ದೆ. ಅಪ್ಪ ಒಳಗಿಳಿದು, ಸಿಮೆಂಟಿನ ಗೋಡೆಯ ಮೇಲೆ ನಿನ್ನೆ ನೀರು ಬಿಟ್ಟು ಹೋದ ಕಂದು ಗೆರೆಗೆ ಹೆಬ್ಬೆರಳು ಇಡುತ್ತಿದ್ದ. ಕಿರುಬೆರಳು ಚಾಚಿ ಇವತ್ತಿನ ನೀರು ಮುಟ್ಟಿದರೆ ಸಮಾಧಾನ. ಕೈ ಬಿಡಿಸಿದರೂ ಮುಟ್ಟದಿದ್ದರೆ ಮಾತಿಲ್ಲದೆ ಸೈಕಲ್ ತಿರುಗಿಸುತ್ತಿದ್ದ. ಸಂಜೆ ಕಟ್ಟೆಯ ಮೇಲೆ ಒಂದೇ ಮಾತು: "ಮೈಲ್ 69ರಾಗ ಗೇಜ್ ಎಷ್ಟೈತಿ?" ಅಂದರೆ, ಕಾಲುವೆಯ 69ನೇ ಮೈಲಿಯಲ್ಲಿ ನೀರಿನ ಮಟ್ಟ ಎಷ್ಟು ಅಂತ.

ಈ ಕಾಲುವೆಯನ್ನು ಯೋಜಿಸಿದ ಇಂಜಿನಿಯರುಗಳು ದಡ್ಡರಲ್ಲ. ಜಾಸ್ತಿ ಊರುಗಳಿಗೆ ಸ್ವಲ್ಪ ಸ್ವಲ್ಪ ನೀರು ಸಿಗಲಿ, ಬರ ತಪ್ಪಲಿ, ಜೋಳ, ಹತ್ತಿ, ಶೇಂಗಾ ಬೆಳೆಯಲಿ ಅಂತ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗೇ ಇತ್ತು. ಆದರೆ ಮೇಲ್ಭಾಗದಲ್ಲಿ ನೀರು ಕೈಗೆಟುಕಿತು. ಭತ್ತ ಬೆಳೆದು ಪಳಗಿದ ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪ್ ಕಟ್ಟಿದರು. ನಮ್ಮವರೂ ಅವರನ್ನು ನೋಡಿ ಭತ್ತ ಹಚ್ಚಿದರು. ಅಕ್ಕಿ ಗಿರಣಿಗಳು ಎದ್ದವು. ಸೋನಾ ಮಸೂರಿಗೆ ಹೆಸರು ಬಂತು. ಜೋಳದ ಲೆಕ್ಕದಲ್ಲಿ ಅಗೆದ ಕಾಲುವೆ ಭತ್ತಕ್ಕೆ ಹರಿಯಿತು. ಕೊನೆ ಭಾಗದವನ ಬೆರಳು ನೀರಿಗೆ ಮುಟ್ಟಲಿಲ್ಲ. ಇದರಲ್ಲಿ ಯಾವ ಸಿಮೆಂಟು ಸೋತಿತು ಹೇಳಿ?

ಮದ್ರಾಸಿನಲ್ಲಿ ಮೂರನೇ ವರ್ಷ. ಕ್ಯಾಂಟೀನಿನಲ್ಲಿ ಸಿವಿಲ್ ಓದುವ ಗೆಳೆಯನೊಬ್ಬ ಕಾಲುವೆಯ ಒಂದು ಲೆಕ್ಕ ಬಿಡಿಸುತ್ತಾ ಕೂತಿದ್ದ. ಇಷ್ಟು ನೀರು ಬಿಟ್ಟರೆ, ಇಷ್ಟು ದೂರಕ್ಕೆ, ಇಷ್ಟು ಮುಟ್ಟುತ್ತದೆ. ನಾನು ಕೇಳಿದೆ, "ಮೇಲಿನವರು ರಾತ್ರಿ ಪೈಪು ಹಾಕಿ ನೀರೆತ್ತಿದರೆ?" ಅವನು ತಲೆ ಎತ್ತದೆ ಹೇಳಿದ, "ಅದನ್ನ ಲಾಸ್‌ನಲ್ಲಿ ಸೇರಿಸ್ತೀವಿ. ಇಂಗಿ ಹೋದದ್ದು, ಆವಿ ಆಗಿದ್ದು, ಎಲ್ಲಾ ಸೇರಿ ಒಂದು ಪರ್ಸೆಂಟೇಜ್." ಅಂದರೆ ನಮ್ಮಪ್ಪನ ಪಾಲು ಆವಿಯಾಗಿ ಹೋಯಿತು ಅಂದೆ. ನಗುತ್ತಲೇ ಅಂದಿದ್ದೆ. ಅವನು ಪೆನ್ನು ಕೆಳಗಿಟ್ಟ. ಅವತ್ತು ಊಟದ ಹೊತ್ತು ಮೀರುವವರೆಗೆ ಅವನಿಗೆ ಗ್ಯಾಂಗ್‌ಮನ್ ಅಂದರೆ ಯಾರು, ಪೊಲೀಸರನ್ನು ನಿಲ್ಲಿಸಿ ಯಾಕೆ ಗೇಜ್ ಕಾಯಬೇಕಾಗುತ್ತದೆ, ಮುಂಗಾರಿಗೆ ಸಿಕ್ಕ ನೀರು ಎರಡನೇ ಬೆಳೆಗೆ ಯಾಕೆ ಸಿಗುವುದಿಲ್ಲ, ಎಲ್ಲ ಹೇಳಿದೆ. ಅವನು ನನಗೆ ಗೇಟಿನ ಕೆಳಗಿಂದ ಎಷ್ಟು ನೀರು ನುಗ್ಗುತ್ತದೆ ಅಂತ ಲೆಕ್ಕ ಹಾಕುವುದನ್ನು ಹೇಳಿಕೊಟ್ಟ. ಇವತ್ತು ನೀರು ಹಂಚಿಕೆಯ ಸಮೀಕ್ಷೆಗೆ ಊರೂರು ತಿರುಗುವಾಗ ಅದೇ ಲೆಕ್ಕ ನನ್ನ ಡೈರಿಯ ಮೊದಲ ಪುಟದಲ್ಲಿದೆ.

ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಕ್ಯಾಂಟೀನಿನ ಮೇಜಿನ ಮೇಲೆ. ಪುಸ್ತಕ ಇಲ್ಲೂ ಇದೆ, ಒಳ್ಳೆ ಮೇಷ್ಟ್ರು ಇಲ್ಲೂ ಇದ್ದಾರೆ. ಅಂಥ ಜಾಗದಲ್ಲಿ ಜಾಸ್ತಿ ಸಿಗುವುದು ಎದುರು ಕೂತವನು. ಅವನ ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ತೋರಿಸಲು ನೀವಿರುತ್ತೀರಿ. ನಿಮ್ಮ ಮಾತಿನಲ್ಲಿ ಬಿಟ್ಟುಹೋದ ಲೆಕ್ಕವನ್ನು ತೋರಿಸಲು ಅವನಿರುತ್ತಾನೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು, ಎಲ್ಲರಿಗೂ ಗೊತ್ತು. ಹರಿಯುವ ನೀರಿನ ಮಧ್ಯೆಯೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ತಡೆ, ಇಳಿಸಿ ಒಂದು ವಾರದೊಳಗೆ ತಡೆದರು. ಆ ಇಂಜಿನಿಯರಿಂಗಿಗೆ ನಾನೂ ಕೈ ಮುಗಿದೆ. ಆದರೆ ಅದೇ ಜಲಾಶಯದಲ್ಲಿ ಹೂಳು ತುಂಬಿ, 133 ಟಿಎಂಸಿ ಇದ್ದ ಜಾಗ 105ರ ಆಸುಪಾಸಿಗೆ ಇಳಿದಿದೆ. ಕಡಿಮೆಯಾದ ನೀರನ್ನು ಯಾರು ಬಿಟ್ಟುಕೊಡಬೇಕು? ಅದಕ್ಕೆ ಸ್ಟಾಪ್ ಲಾಗ್ ಇಲ್ಲ. ಎಲಿನಾರ್ ಓಸ್ಟ್ರಮ್ ಅಂತ ಒಬ್ಬರಿದ್ದರು. ಓದಿದ್ದು ರಾಜ್ಯಶಾಸ್ತ್ರ. ನೇಪಾಳದ ನೀರಾವರಿ ಕಾಲುವೆಗಳನ್ನು ನೋಡಿ, ಸರ್ಕಾರ ಪಕ್ಕಾ ಕಟ್ಟಿ ನಡೆಸಿದವುಗಳಿಗಿಂತ ರೈತರೇ ಕೂಡಿ ನಿಯಮ ಮಾಡಿಕೊಂಡು ನಡೆಸಿದ ಮಣ್ಣಿನ ಕಾಲುವೆಗಳು ಎಷ್ಟೋ ಕಡೆ ಚೆನ್ನಾಗಿ ನೀರು ಮುಟ್ಟಿಸುತ್ತವೆ ಅಂತ ತೋರಿಸಿದವರಲ್ಲಿ ಅವರೂ ಒಬ್ಬರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಮೊದಲ ಹೆಣ್ಣುಮಗಳು. ನಮ್ಮ ಎಡದಂಡೆ ಕಾಲುವೆಯ ಜಗಳವನ್ನೇ ಕೂತು ಅಧ್ಯಯನ ಮಾಡಿದ ಸಂಶೋಧಕರೊಬ್ಬರು ನೆದರ್ಲ್ಯಾಂಡ್ಸ್‌ನ ವಾಗೆನಿಂಗನ್ ಕೃಷಿ ವಿಶ್ವವಿದ್ಯಾಲಯದಿಂದ ಬಂದವರು. ಅದನ್ನು ಮದ್ರಾಸಿನ ಗ್ರಂಥಾಲಯದಲ್ಲಿ ಓದಿದಾಗ ನನಗೆ ಖುಷಿ, ಹೊಟ್ಟೆಕಿಚ್ಚು ಎರಡೂ ಆಯಿತು. ನಮ್ಮ ಕಾಲುವೆಯ ಬಗ್ಗೆ ಬರೆಯಲು ಅಷ್ಟು ದೂರದಿಂದ ಬರಬೇಕಾಯಿತಲ್ಲ.

ಹೊರಗಿನ ಕಥೆ ಸ್ವಲ್ಪ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಎಂಐಟಿ ಅಂದರೆ ಯಂತ್ರಗಳ ಕಾಶಿ. ಅಲ್ಲಿ ಇಂಜಿನಿಯರಿಂಗ್ ಓದುವವರೂ ಸಾಹಿತ್ಯ, ಕಲೆ, ಸಮಾಜ ವಿಜ್ಞಾನದ 8 ವಿಷಯ ಓದಲೇಬೇಕು. 1955ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಅಲ್ಲಿಗೆ ಸೇರಿದ್ದು ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಕ್ಕೆ, ಯಂತ್ರ ಅನುವಾದದ ಯೋಜನೆಗೆ. ಅಂಥ ಗೂಡಿನಿಂದ ಜಗತ್ತಿಗೆ ಹೆಸರಾದ ಭಾಷಾವಿಜ್ಞಾನ ವಿಭಾಗ ಬೆಳೆಯಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅಲ್ಲಿ ಪಾಠ ಮಾಡುತ್ತಿದ್ದವರು. ನನಗೆ ಇವರೆಲ್ಲರಿಗಿಂತ ಇಷ್ಟ ಹರ್ಬರ್ಟ್ ಸೈಮನ್. ಡಾಕ್ಟರೇಟ್ ರಾಜ್ಯಶಾಸ್ತ್ರದಲ್ಲಿ. ಆಡಳಿತ ಕಚೇರಿಗಳಲ್ಲಿ ಜನ ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ ಅಂತ ಕೆದಕುತ್ತಾ ಕೆದಕುತ್ತಾ ಯಂತ್ರ ಹೇಗೆ ಯೋಚಿಸಬಹುದು ಅನ್ನುವಲ್ಲಿಗೆ ಬಂದರು. ಇವತ್ತು ನೀವು ಎಐ ಅನ್ನುತ್ತೀರಲ್ಲ, ಅದರ ಮೊದಲ ಗುದ್ದಲಿ ಹಾಕಿದವರಲ್ಲಿ ಒಬ್ಬರು. 1975ರಲ್ಲಿ ಕಂಪ್ಯೂಟರಿನವರು ಟ್ಯೂರಿಂಗ್ ಪ್ರಶಸ್ತಿ ಕೊಟ್ಟರು, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರಿದ್ದದ್ದು ಕಾರ್ನೆಗಿ ಮೆಲನ್‌ನಲ್ಲಿ, ಅದೂ ಕಂಪ್ಯೂಟರಿಗೆ ಹೆಸರಾದ ಜಾಗವೇ.

ನೆನಪಿಡಿ, ಇಂಥ ಕಡೆ ಗಣಿತ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಮೆರಿಕದ್ದೇ ಆದ ಕ್ಯಾಲ್ಟೆಕ್‌ನಲ್ಲಿ ಇತಿಹಾಸ ಓದಲು ಹೋದವನೂ ಭೌತಶಾಸ್ತ್ರ, ಗಣಿತ ಮುಗಿಸಬೇಕು. ಎಂಐಟಿಯಲ್ಲಿ ಸಾಹಿತ್ಯ ಓದಿದರೂ, ಜಾರ್ಜಿಯಾ ಟೆಕ್‌ನಲ್ಲಿ ಸಾರ್ವಜನಿಕ ನೀತಿ ಓದಿದರೂ, ಕೈಗೆ ಬರುವುದು ವಿಜ್ಞಾನದ ಪದವಿ. "ಮ್ಯಾಥ್ಸ್ ಬರಲ್ಲ, ಅದಕ್ಕೇ ಆರ್ಟ್ಸ್" ಅನ್ನುವವರು ಈ ದಾರಿ ಹಿಡಿಯಬೇಡಿ. ಸುಮ್ನೆ ನೋವು.

ಈಗ ಭಾಷೆಯ ವಿಷಯ. ಅವ್ವನಿಗೆ ಹೊಸ ಫೋನ್ ಕೊಡಿಸಿದ್ದೆ. ಓದಲು ಬರೆಯಲು ಅಷ್ಟಕ್ಕಷ್ಟೇ, ಆದ್ದರಿಂದ ಮೈಕಿನ ಗುರುತು ಒತ್ತಿ ಮಾತಾಡು, ಫೋನೇ ಬರೆದುಕೊಳ್ಳುತ್ತದೆ ಅಂದೆ. ಅವ್ವ ಫೋನನ್ನು ಬಾಯಿಯ ಹತ್ತಿರ ತಂದು, ಬಾವಿಯಲ್ಲಿ ಕೂಗುವವಳ ಹಾಗೆ, "ನಾ ಬರಾಕತ್ತೀನಿ" ಅಂದಳು. ಫೋನು "ನಾ ಬರ ಕತ್ತಿ ನೀ" ಅಂತ ಬರೆಯಿತು. ಬರವೂ ಬಂತು, ಕತ್ತಿಯೂ ಬಂತು. ಮೂರು ಸಲ ಆಯಿತು. ನಾಲ್ಕನೇ ಸಲ ಅವ್ವ ಟಿವಿ ವಾರ್ತೆಯವರ ಹಾಗೆ "ನಾನು ಬರುತ್ತಿದ್ದೇನೆ" ಅಂದಳು. ಸರಿಯಾಗಿ ಬಂತು. ನನಗೆ ನಗು ಬಂತು, ಆಮೇಲೆ ಬೇಜಾರಾಯಿತು. ಅರವತ್ತು ವರ್ಷದ ಹೆಂಗಸು ತನ್ನ ಫೋನಿಗಾಗಿ ತನ್ನ ನುಡಿ ಬದಲಿಸಿಕೊಂಡಳಲ್ಲ.

ಇದು ಬರೀ ಕೋಡಿನ ಕೊರತೆ ಅಲ್ಲ. "ಬರಾಕತ್ತೀನಿ"ಯಲ್ಲಿ "ಹತ್ತು" ಅನ್ನುವ ಕ್ರಿಯಾಪದ ಸೇರಿಕೊಂಡಿದೆ ಅಂತ ಬಿಡಿಸಿ ಹೇಳುವವರು ಬೇಕು. ಲಿಂಗಸುಗೂರಿನಲ್ಲಿ, ಬಳ್ಳಾರಿಯಲ್ಲಿ, ಕುಷ್ಟಗಿಯಲ್ಲಿ ಇದೇ ಮಾತು ಹೇಗೆ ತಿರುಗುತ್ತದೆ ಅಂತ ಕೂತು ಕೇಳಿಸಿಕೊಂಡು ಬರೆದಿಡುವವರು ಬೇಕು. ಹೈದರಾಬಾದಿನ ಐಐಐಟಿಯಲ್ಲಿ (ಐಐಟಿ ಅಲ್ಲ, ಮಾಹಿತಿ ತಂತ್ರಜ್ಞಾನ ಸಂಸ್ಥೆ) ಕಂಪ್ಯೂಟರ್ ಜೊತೆಗೆ ಭಾಷಾವಿಜ್ಞಾನವನ್ನು ಒಂದೇ ಸಲ ಓದುವ ಜೋಡಿ ಪದವಿ ಇದೆ. ಕಂಪ್ಯೂಟರ್ ಜೊತೆಗೆ ಮಾನವಿಕ ಅಧ್ಯಯನದ್ದೂ ಇದೆ. ರಾಯಚೂರಿನಿಂದ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ ಅಲ್ವಾ? ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತದ 22 ಭಾಷೆಗಳಿಗೆ ಅನುವಾದದ ಮಾದರಿ ಕಟ್ಟಿದೆ. ಅಂಥ ಕೆಲಸಕ್ಕೆ ಕೋಡ್ ಬರೆಯುವವರಷ್ಟೇ ಅನುವಾದಕರೂ ಭಾಷೆ ಬಲ್ಲವರೂ ಬೇಕು. ನಮ್ಮೂರಲ್ಲೂ 2019ರಲ್ಲಿ ಶುರುವಾದ ಐಐಐಟಿ ಇದೆ. ಅಲ್ಲಿನ ಹುಡುಗರು ಇಲ್ಲಿನ ಅವ್ವಂದಿರ ಮಾತು ಕೇಳಿಸಿಕೊಂಡರೆ ಎಷ್ಟು ಚೆನ್ನ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಈ ಎರಡು ಲೋಕ ಬೇರೆ ಬೇರೆ ಅನ್ನುವವರಿಗೆ ನಾನು ಮಸ್ಕಿ ತೋರಿಸುತ್ತೇನೆ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡವರು ಸಿ. ಬೀಡನ್ ಅನ್ನುವ ಗಣಿ ಇಂಜಿನಿಯರ್. ಹುಡುಕುತ್ತಿದ್ದದ್ದು ಚಿನ್ನ. ಹಟ್ಟಿ ಚಿನ್ನದ ಗಣಿ ಎಷ್ಟು ಹತ್ತಿರ ನೋಡಿ. ಕಲ್ಲಿನ ಮೇಲೆ ಗೀರು ಕಂಡಾಗ, ಇದು ನನ್ನ ಕೆಲಸ ಅಲ್ಲ ಅಂತ ಅವರು ಮುಂದೆ ಹೋಗಲಿಲ್ಲ. ಅದನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅಂತ ಮಾತ್ರ ಇದ್ದ. ಮಸ್ಕಿಯ ಕಲ್ಲಿನಲ್ಲಿ "ಅಸೋಕ" ಅಂತ ಹೆಸರೇ ಇತ್ತು. ಇನ್ನೂ ಹಿಂದೆ, 1837ರಲ್ಲಿ ಆ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತದ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಅಧಿಕಾರಿ. ಬೀಡನ್ ಒಬ್ಬರೇ ಇದ್ದಿದ್ದರೆ ಅದು ಗೀರಾಗಿಯೇ ಉಳಿಯುತ್ತಿತ್ತು. ಕೃಷ್ಣಶಾಸ್ತ್ರಿಗಳು ಒಬ್ಬರೇ ಇದ್ದಿದ್ದರೆ, ಆ ಗುಡ್ಡ ಹತ್ತಲು ಅವರಿಗೇನು ಕಾರಣವಿತ್ತು? ಇಲ್ಲಿ ಮಸ್ಕಿ ಕಡೆಯವರು ಎಷ್ಟು ಜನ ಇದ್ದೀರಿ? ಅದರಲ್ಲಿ ಶಾಸನ ನೋಡಿದವರು? ಹ್ಞೂಂ. ಕೈಗಳೆಲ್ಲ ಕೆಳಗಿಳಿದವು.

ಸರಿ, ಪಾಲಕರ ಮುಖ ನೋಡಿದರೆ "ಬಾಗಿಲು ಎಲ್ಲೈತಿ ಹೇಳವ್ವ ಮೊದಲ" ಅಂತ ಕಾಣುತ್ತಿದೆ. ಹೇಳುತ್ತೇನೆ.

ನಾನು ಓದಿದ ಐದು ವರ್ಷದ ಕೋರ್ಸಿಗೆ ಈಗ ಹೊಸ ಸೇರ್ಪಡೆ ಇಲ್ಲ. 2006ರಲ್ಲಿ ಶುರುವಾಗಿತ್ತು. ಈಗ ಅದರ ಬದಲು ಡಿಗ್ರಿ ಆದವರಿಗೆ ಎರಡು ವರ್ಷದ ಎಂ.ಎ. ಇದೆ. ಹಳೇ ವಿಡಿಯೊ ನೋಡಿಕೊಂಡು ಆ ಕೋರ್ಸಿನ ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಬೇಡಿ. ಪಿಯುಸಿ ವಿಜ್ಞಾನದಲ್ಲಿ ಗಣಿತ ಇದ್ದವರಿಗೆ ಐಐಟಿ ಕಾನ್ಪುರ, ಐಐಟಿ ಬಾಂಬೆಯಲ್ಲಿ ಅರ್ಥಶಾಸ್ತ್ರದ ನಾಲ್ಕು ವರ್ಷದ ಬಿ.ಎಸ್. ಇದೆ. ದಾರಿ ಜೆಇಇ ಅಡ್ವಾನ್ಸ್ಡ್. ಬಿಟ್ಸ್ ಪಿಲಾನಿಯಲ್ಲೂ ಅರ್ಥಶಾಸ್ತ್ರ ಇದೆ, ದಾರಿ ಬಿಟ್‌ಸ್ಯಾಟ್. ಕಲಾ ವಿಭಾಗದವರು ಬೇಜಾರಾಗಬೇಡಿ. ನಿಮಗೆ ತೆರೆದಿರುವ ಬಾಗಿಲು ಡಿಸೈನ್. ಯುಸೀಡ್ ಅಂತ ಪರೀಕ್ಷೆ. ಕಲೆ, ವಾಣಿಜ್ಯ, ವಿಜ್ಞಾನ, ಯಾವ ವಿಭಾಗದವರೂ ಬರೆಯಬಹುದು. ಚಿತ್ರ ಬಿಡಿಸುವುದೂ ಅದರ ಭಾಗ. ಅದರಿಂದ ಬಾಂಬೆ, ದೆಹಲಿ, ಗುವಾಹಟಿ, ಹೈದರಾಬಾದ್ ಐಐಟಿಗಳಲ್ಲಿ ಬಿ.ಡಿಸೈನ್ ಸಿಗುತ್ತದೆ. ಕಿನ್ನಾಳದ ಗೊಂಬೆ ನೋಡುತ್ತಾ ಬೆಳೆದವರಿಗೆ, ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವುದನ್ನು ಕಂಡವರಿಗೆ ಇದು ಪರಕೀಯ ವಿಷಯ ಅಲ್ಲ. ಖಾಸಗಿ ತಾಂತ್ರಿಕ ವಿಶ್ವವಿದ್ಯಾಲಯಗಳು ಬಿ.ಕಾಂ., ಕಾನೂನು, ಮನೋವಿಜ್ಞಾನ ಎಲ್ಲ ಶುರು ಮಾಡಿವೆ. ಫೀ ನೋಡಿ, ಆಮೇಲೆ ವಿಭಾಗಕ್ಕೆ ಕಾಯಂ ಮೇಷ್ಟ್ರು ಎಷ್ಟು ಜನ ಅಂತ ಕೇಳಿ. ಎರಡನೆಯದಕ್ಕೆ ಉತ್ತರ ತಡವಾಗಿ ಬಂದರೆ ಎದ್ದು ಬನ್ನಿ.

ಒಂದು ಕಾಗದದ ವಿಷಯ, ಇದರಲ್ಲಿ ನಮ್ಮ ಭಾಗದ ಮಕ್ಕಳು ತುಂಬಾ ಎಡವುತ್ತಾರೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371 ಜೆ ಪ್ರಮಾಣಪತ್ರ ರಾಜ್ಯದೊಳಗಿನ ಸೀಟುಗಳಿಗೆ. ಐಐಟಿಯಲ್ಲಿ ಅದು ನಡೆಯುವುದಿಲ್ಲ. ರಾಜ್ಯದ 2ಎ, 3ಬಿ ಪ್ರಮಾಣಪತ್ರವೂ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ನೋಡಿ, ಕೇಂದ್ರದ ನಮೂನೆಯಲ್ಲೇ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪ್ರಮಾಣಪತ್ರ ಮಾಡಿಸಿ, ಅದೂ ಆಯಾ ವರ್ಷದ್ದು. ರಿಸಲ್ಟ್ ಬಂದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡಿದರೆ ಸೀಟು ಕಾಯುವುದಿಲ್ಲ.

ಕಷ್ಟವನ್ನೂ ಹೇಳಬೇಕು. ನಮ್ಮ ಬ್ಯಾಚಿನಲ್ಲಿ ಐವತ್ತು ಜನವೂ ಇರಲಿಲ್ಲ, ಸುತ್ತ ಸಾವಿರಾರು ಇಂಜಿನಿಯರುಗಳು. ಶರಾವತಿ ಹಾಸ್ಟೆಲಿನಲ್ಲಿ "ಎಂ.ಎ.ದವಳು" ಅಂತಲೇ ನನ್ನ ಗುರುತು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಬಂದ ಕಂಪನಿಗಳ ಪಟ್ಟಿಯಲ್ಲಿ ನಮಗೆ ಅರ್ಜಿ ಹಾಕಲು ಬಿಟ್ಟವು ಕೆಲವೇ. ಪಕ್ಕದ ರೂಮಿನವಳಿಗೆ ಡಿಸೆಂಬರಿನಲ್ಲೇ ಕೆಲಸ ಸಿಕ್ಕಿ ಸಿಹಿ ಹಂಚಿದಳು. ನಾನು ಮೇ ತನಕ ಇಮೇಲ್ ಕಳಿಸುತ್ತಾ ಕೂತಿದ್ದೆ. ಅದಕ್ಕಿಂತ ಕಷ್ಟ ಇಂಗ್ಲಿಷು. ಕನ್ನಡ ಮಾಧ್ಯಮದವಳು ನಾನು. ಇಂಜಿನಿಯರಿಂಗ್ ಆದರೆ ಲೆಕ್ಕ ಸರಿ ಬಂದರೆ ಸಾಕು, ವ್ಯಾಕರಣ ತಪ್ಪಿದರೂ ಮಾರ್ಕು ಬರುತ್ತದೆ. ನಮ್ಮಲ್ಲಿ ವಾದವನ್ನೇ ಇಂಗ್ಲಿಷಿನಲ್ಲಿ ಕಟ್ಟಬೇಕು. ಮೊದಲ ಪ್ರಬಂಧ ಕೆಂಪು ಗೀರುಗಳಿಂದ ತುಂಬಿ ವಾಪಸ್ ಬಂತು. ಬಾತ್‌ರೂಮಿನಲ್ಲಿ ಅತ್ತು, ಆಮೇಲೆ ಅದನ್ನೇ ಮೂರು ಸಲ ಬರೆದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ನನ್ನ ಸಲಹೆ ಒಂದೇ: ಪರೀಕ್ಷೆ ತಯಾರಿಗಿಂತ ಮೊದಲು ದಿನಾ ಒಂದು ಪುಟ ಇಂಗ್ಲಿಷ್ ಬರೆಯಿರಿ, ಏನಾದರೂ ಸರಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಪರೀಕ್ಷೆಯ ತಾರೀಖಿನದ್ದು. ಕೊನೆಗೆ ಸಿರವಾರ ಕಡೆಯ ರೈತರೊಬ್ಬರು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದರು. ಪಕ್ಕದಲ್ಲಿ ಅವರ ಮಗಳು ತಲೆ ತಗ್ಗಿಸಿ ಕೂತಿದ್ದಳು.

"ಎಲ್ಲಾ ಬರೋಬ್ಬರಿ ಹೇಳಿದಿ ತಂಗಿ. ಮೊದಲನೇ ಪಗಾರ ಎಷ್ಟು ಬಂತು?"

"ತಿಂಗಳಿಗೆ 28,000 ರೀ. ಇಂಜಿನಿಯರಿಂಗ್ ಗೆಳತಿಗೆ ಅದರ ಮೂರು ಪಟ್ಟು."

"ಬ್ಯಾಂಕಿನ ಕಂತು ಹೋಗಿ?"

"19,000."

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದರು. ಆಮೇಲೆ ಕೂತು ಮಗಳ ಕಡೆ ತಿರುಗಿದರು.

"ಆ ಚಿತ್ರ ಬರಿಯೋ ಪರೀಕ್ಷಿ ಹೆಸರು ಏನೋ ಅಂದಳಲ್ಲ, ಬರಕೊಂಡಿಯೇನು?"